ಮೊಣಕೈ ಮತ

ಆರ್ಲೋ ವಿಟ್ಕೋ "ಬೇಡ" ಎಂದಿದ್ದ. ಸಭೆಯಲ್ಲಿ ಅವನ ಪರವಾಗಿ ಎದ್ದು ನಿಂತ ನಾನು "ಹೌದು" ಎಂದೆ. ನಡೆದದ್ದು ಇಷ್ಟೇ. ಇಷ್ಟನ್ನು ಅವನ ಮುಖ ನೋಡಿ ಹೇಳುವುದಕ್ಕೆ ನನಗೆ ಎಂಟು ತಿಂಗಳು ಬೇಕಾಯಿತು.

ಕೆಲ್ಸೊ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದ ಹದಿನಾಲ್ಕನೆಯ ವಿಭಾಗದಲ್ಲಿ ಒಂದು ಉದ್ದ ಸಾಲು ನಮ್ಮ ಅಭಿಮಾನಿ ಸಂಘದ್ದು. ಇಪ್ಪತ್ತಮೂರು ಸೀಟು, ಇಪ್ಪತ್ತಮೂರು ಸದಸ್ಯರು. ಸೀಟು ಅಂದರೆ ಬೆಂಚಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಒಬ್ಬರಿಗೆ ಒಂದೂವರೆ ಅಡಿ ಜಾಗ. ನವೆಂಬರಿನ ದಪ್ಪ ಕೋಟು ಹಾಕಿಕೊಂಡು ಕೂತರೆ ಪಕ್ಕದವರ ಮೊಣಕೈ ನಿಮ್ಮ ಪಕ್ಕೆಲುಬಿಗೆ ತಾಗಿಕೊಂಡೇ ಇರುತ್ತದೆ. ಏಳನೆಯ ನಂಬರು ಮೊದಲು ನನ್ನ ಅಪ್ಪನದು, ಅಪ್ಪ ಹೋದ ಮೇಲೆ ನನ್ನದು. ಎಂಟನೆಯದು ಆರ್ಲೋನದು. ಅವನಿಗೆ ಎಂಬತ್ತಮೂರು, ನನಗೆ ಅರವತ್ತೊಂದು. ಅವನು ಇವತ್ತಿಗೂ ನನ್ನನ್ನು "ಹುಡುಗಿ" ಅಂತಲೇ ಕರೆಯುವುದು.

ಹಿಂದೊಮ್ಮೆ ಭಾರಿ ಹಿಮ ಬಿದ್ದು ಅರ್ಧ ಜನ ಸಭೆಗೆ ಬರಲಾಗದ ವರ್ಷ ನಮ್ಮ ಹಿರಿಯರು ಒಂದು ನಿಯಮ ಮಾಡಿದರು. ಬರಲಾಗದವರ ಮತವನ್ನು ಪಕ್ಕದ ಸೀಟಿನವರು ಹೇಳಬೇಕು. ಚೀಟಿ ಬೇಡ, ಸಹಿ ಬೇಡ, ಬಾಯಿಮಾತು ಸಾಕು. ಇದನ್ನು ನಾವು ಮೊಣಕೈ ಮತ ಅನ್ನುತ್ತೇವೆ. ಇನ್ನೊಂದು ನಿಯಮವೂ ಇದೆ: ಸಭೆ ಮುಗಿದ ಮೇಲೆ ಯಾರು ಯಾವ ಮತ ಹಾಕಿದರು ಅಂತ ಯಾರೂ ಯಾರನ್ನೂ ಕೆದಕಬಾರದು. ಜಗಳವನ್ನು ಬೆಂಚಿಗೆ ತಂದರೆ ಒಂದೂವರೆ ಅಡಿಯಲ್ಲಿ ಬದುಕುವುದು ಹೇಗೆ? ಈ ಎರಡು ನಿಯಮಗಳನ್ನು ಮಾಡಿದವರು ನನ್ನಂಥವಳೊಬ್ಬಳು ಹುಟ್ಟಿಬರುತ್ತಾಳೆಂದು ಊಹಿಸಿರಲಿಕ್ಕಿಲ್ಲ.

ಕೆಲ್ಸೊ ಕಾಲೇಜು ನೂರ ಹತ್ತು ವರ್ಷದಿಂದ ಆಡುತ್ತಿದ್ದದ್ದು ಪ್ರೇರಿ ಕೂಟದಲ್ಲಿ. ಎಂಟು ಕಾಲೇಜುಗಳ ಕೂಟ. ಯಾವ ಊರಿಗೆ ಪಂದ್ಯಕ್ಕೆ ಹೋದರೂ ಬೆಳಗ್ಗೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರಬಹುದು. ಆ ಚಳಿಗಾಲದಲ್ಲಿ ಕಾಂಟಿನೆಂಟಲ್ ಕೂಟದವರು ನಮ್ಮನ್ನು ಕರೆದರು. ಫ್ಲೋರಿಡಾದಿಂದ ಕ್ಯಾಲಿಫೋರ್ನಿಯಾವರೆಗೆ ಹರಡಿದ ದೊಡ್ಡ ಕೂಟ, ಪ್ರತಿ ಪಂದ್ಯವೂ ಟಿವಿಯಲ್ಲಿ. ಆದರೆ ಅಲ್ಲಿಗೆ ಹೋದರೆ ನಮ್ಮ ಪಂದ್ಯಗಳ ಪಟ್ಟಿಯಲ್ಲಿ ವಾಟ್ರಸ್ ಕಾಲೇಜಿಗೆ ಜಾಗ ಉಳಿಯುವುದಿಲ್ಲ. ವಾಟ್ರಸ್ ಅಂದರೆ ನಲವತ್ತು ಮೈಲಿ ಆಚೆಯ ಊರು, ನಮ್ಮ ಹುಟ್ಟು ವೈರಿ. ಅವರ ತಂಡದ ಗುರುತು ನೀರಿಲಿ, ನಾವು ಅವರನ್ನು ಬರೀ ಇಲಿಗಳು ಅನ್ನುತ್ತೇವೆ. ನಮ್ಮ ಗುರುತು ಹುಲ್ಲು ಕೊಯ್ಯುವವನು, ಹಾಗಾಗಿ ಅವರು ನಮ್ಮನ್ನು ಬರೀ ಹುಲ್ಲು ಅನ್ನುತ್ತಾರೆ. ವರ್ಷದ ಕೊನೆಯ ಪಂದ್ಯ ಯಾವಾಗಲೂ ಇಲಿಗೂ ಹುಲ್ಲಿಗೂ.

ಕಾಲೇಜು ಹಳೆಯ ಅಭಿಮಾನಿ ಸಂಘಗಳ ಅಭಿಪ್ರಾಯ ಕೇಳಿತು. ನಮ್ಮ ಸಭೆ ಮಾರ್ಚಿನ ಒಂದು ಭಾನುವಾರ ಮಧ್ಯಾಹ್ನ ಅಂತ ಗೊತ್ತಾಯಿತು. ಆರ್ಲೋ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ ಆರೈಕೆ ಮನೆಯಲ್ಲಿ ಮಲಗಿದ್ದ. ಸಭೆಯ ಹಿಂದಿನ ದಿನ ಸೂಪು ಮಾಡಿಕೊಂಡು ಹೋದೆ.

"ಬೇಡ ಅಂತ ಹೇಳು ಹುಡುಗಿ," ಎಂದ, ನಾನು ಕೇಳುವ ಮೊದಲೇ.

"ಸ್ವಲ್ಪ ಯೋಚ್ನೆ ಮಾಡು ಆರ್ಲೋ. ಇಡೀ ದೇಶ ನಮ್ಮನ್ನ ನೋಡುತ್ತೆ."

"ದೇಶ ನೋಡಿ ಏನ್ ಮಾಡುತ್ತೆ? ನನ್ನನ್ನ ಡೀನ್ ನೋಡಿದ್ರೆ ಸಾಕು."

ಡೀನ್ ಟುಫ್ಟ್ ವಾಟ್ರಸ್‌ನವನು, ಆರ್ಲೋನ ಗೆಳೆಯ. ಐವತ್ತೊಂದು ವರ್ಷದಿಂದ ಆ ಕೊನೆಯ ಪಂದ್ಯವನ್ನು ಇಬ್ಬರೂ ಒಟ್ಟಿಗೇ ನೋಡಿದವರು, ಒಂದು ವರ್ಷ ಇಲ್ಲಿ, ಒಂದು ವರ್ಷ ಅಲ್ಲಿ. ಪಂದ್ಯಕ್ಕೆ ಮುಂಚೆ ಗಾಡಿ ನಿಲ್ಲಿಸುವ ಬಯಲಿನಲ್ಲಿ ಆರ್ಲೋ ಒಂದು ಪಾತ್ರೆ ಚಿಲ್ಲಿ ಬಿಸಿ ಮಾಡುತ್ತಾನೆ, ರಾಜ್ಮಾ ಕಾಳು ಮತ್ತು ಕೊಚ್ಚಿದ ಮಾಂಸದ ಖಾರದ ಸಾರು. ಡೀನ್ ದಾಲ್ಚಿನ್ನಿ ರೋಲ್, ಸುರುಳಿ ಸುತ್ತಿದ ಸಿಹಿ ಬನ್ನು, ತರುತ್ತಾನೆ. ನಮ್ಮ ಕಡೆ ಈ ಎರಡನ್ನೂ ಒಟ್ಟಿಗೆ ತಿನ್ನದವನು ಹೊರಗಿನವನೇ. ಹೆಂಡತಿ ತೀರಿಕೊಂಡ ಮೇಲೆ ರೋಲನ್ನು ಡೀನ್ ತಾನೇ ಬೇಯಿಸುತ್ತಾನೆ, ಇಟ್ಟಿಗೆಯಷ್ಟು ಗಟ್ಟಿ. ಆರ್ಲೋ ಅದನ್ನು ಚಿಲ್ಲಿಯಲ್ಲಿ ನೆನೆಸಿಕೊಂಡು ಎರಡೆರಡು ತಿನ್ನುತ್ತಾನೆ.

"ಆ ಪಂದ್ಯ ನಿಂತ್ರೆ ನಾವಿಬ್ರು ಮುದುಕ್ರು ಯಾವ ನೆಪ ಹೇಳ್ಕೊಂಡು ಸೇರೋದು?" ಎಂದ ಆರ್ಲೋ. "ಬೇಡ ಅಂತ ಹೇಳು. ನಾವು ಸೋತ್ರೂ ಪರವಾಗಿಲ್ಲ. ನಾನು ಬೇಡ ಅಂದೆ ಅಂತ ಡೀನ್‌ಗೆ ಗೊತ್ತಾಗ್ಬೇಕು."

"ಹೇಳ್ತೀನಿ," ಎಂದೆ. ಆಗ ಮನಸ್ಸಿನಲ್ಲಿ ಮೋಸ ಇರಲಿಲ್ಲ.

ನನ್ನ ಮತ ಮಾತ್ರ "ಹೌದು" ಎಂದೇ ಇತ್ತು. ನನ್ನ ತಂಗಿಯ ಗಂಡ ಲೈಲ್ ರಾಜ್ಯದ ದೊಡ್ಡ ಕಾಲೇಜಿನ ಭಕ್ತ. ಪ್ರತಿ ಹಬ್ಬದೂಟದಲ್ಲೂ ಬೇಯಿಸಿದ ಟರ್ಕಿ ಕೋಳಿ ಕತ್ತರಿಸುತ್ತಾ, "ಏನಮ್ಮ ಮಾರ್ಲಿಸ್, ಇನ್ನೂ ಆ ಹುಲ್ಲುಗಾವಲಲ್ಲೇ ಆಡ್ತಿದೀರಾ? ಟಿವಿಯಲ್ಲಿ ಹುಡುಕ್ದೆ, ಹವಾಮಾನ ವರದಿ ಬರ್ತಿತ್ತು," ಅನ್ನುತ್ತಿದ್ದ. ಇಪ್ಪತ್ತು ವರ್ಷ ಅದೇ ನಗೆ, ಅದೇ ಚಾಕು. ಒಂದು ಸಲವಾದರೂ ಅವನು ಟಿವಿ ಹಾಕಿದಾಗ ನಮ್ಮ ಹಸಿರು ಸಾಲು, ಅದರಲ್ಲಿ ಏಳನೆಯ ನಂಬರಿನಲ್ಲಿ ನಾನು, ಕಾಣಬೇಕು ಅಂತ ನನಗೆ ಹಟ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ತಪ್ಪು ಮಾಡಿದೆ ಅಂತ ಹೇಳಲು ನಾಚಿಕೆಯಾಗುತ್ತದೆ, ಆದರೆ ನಿಜ ಅದೇ.

ಸಭೆ ನಡೆದದ್ದು ಚರ್ಚಿನ ನೆಲಮಾಳಿಗೆಯಲ್ಲಿ. ಹೋಗಬೇಕು ಅನ್ನುವವರ ಪರ ನಾನು ಮಾತಾಡಿದೆ. ಬೇಡ ಅನ್ನುವವರ ಪರ ಎದ್ದವಳು ಬರ್ನಡೀನ್, ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಅವಳ ದನಿಗೆ ಮೈಕು ಬೇಕಿಲ್ಲ.

"ದೂರದ ಬೆಟ್ಟ ನುಣ್ಣಗೆ!" ಎಂದಳು. "ಮಯಾಮಿಗೆ ಹೋಗಿ ಐವತ್ತು ಪಾಯಿಂಟಲ್ಲಿ ಸೋತು ಬರೋಕೆ ಇಷ್ಟೊಂದು ಆತುರಾನಾ?"

"ಇಲ್ಲಿ ಎಂಟರಲ್ಲಿ ಮೊದಲನೆಯವ್ರಾಗಿ ಸಾಯೋಣ ಅಂತೀಯಾ?" ಎಂದೆ.

"ಸಾಯೋರು ಸಾಯ್ಲಿ ಬಿಡು. ನಿನಗೆ ಬೇಕಾಗಿರೋದು ಫುಟ್‌ಬಾಲ್ ಅಲ್ಲ ಮಾರ್ಲಿಸ್, ಕ್ಯಾಮೆರಾ. ನಿನ್ನ ತಂಗಿ ಗಂಡನ ಹತ್ರ ಮೂತಿ ತೋರಿಸ್ಬೇಕು, ಅಷ್ಟೆ. ನಿಮ್ಮಪ್ಪ ಇದ್ದಿದ್ರೆ ನಿನ್ನ ಬೆಂಚಿಂದ ಕೆಳಗೆ ತಳ್ತಿದ್ರು."

ಎಲ್ಲರೂ ನಕ್ಕರು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅದೇ ಉರಿಯಲ್ಲಿರುವಾಗ ಕಾರ್ಯದರ್ಶಿ ಹೆಸರು ಕೂಗಲು ಶುರುಮಾಡಿದ. ಒಬ್ಬೊಬ್ಬರೇ ಎದ್ದು ಹೇಳುತ್ತಾ ಬಂದರು. ಹೆಸರು ಅಕ್ಷರಮಾಲೆಯ ಕ್ರಮದಲ್ಲಿ, ವಿಟ್ಕೋ ಕಟ್ಟಕಡೆಯವನು. ಅವನ ಹೆಸರು ಬಂದಾಗ ಹನ್ನೊಂದು ಹೌದು, ಹನ್ನೊಂದು ಬೇಡ. ಬರ್ನಡೀನ್ ಆಗಲೇ ಗೆದ್ದವಳ ಹಾಗೆ ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು. ಆರ್ಲೋ ಏನು ಹೇಳಿರುತ್ತಾನೆ ಅಂತ ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ನಾನು ಎದ್ದು ನಿಂತೆ.

"ಹೌದು," ಎಂದೆ.

ಅವಳ ಕೈ ಗುಂಡಿಯ ಮೇಲೇ ನಿಂತಿತು. "ಆರ್ಲೋ ಹೌದು ಅಂದ್ನಾ?"

"ಅಂದ."

ಒಪ್ಪಿಕೊಳ್ಳುವುದೇ ಆದರೆ ಪೂರ್ತಿ ಒಪ್ಪಿಕೊಳ್ಳುತ್ತೇನೆ: ಅವಳ ಮುಖ ನೋಡಿ ನನಗೆ ಆ ಕ್ಷಣ ಖುಷಿಯಾಯಿತು. ಕಾರು ಹತ್ತುವವರೆಗೂ ಆ ಖುಷಿ ಇತ್ತು. ಕಾರಿನಲ್ಲಿ ಹಿಂದಿನ ದಿನದ ಖಾಲಿ ಸೂಪಿನ ಪಾತ್ರೆ ಪಕ್ಕದ ಸೀಟಿನಲ್ಲಿ ಕೂತಿತ್ತು. ಅದನ್ನು ನೋಡಿದ ಮೇಲೆ ಬಹಳ ಹೊತ್ತು ಗಾಡಿ ಸ್ಟಾರ್ಟ್ ಮಾಡಲು ಆಗಲಿಲ್ಲ.

ಒಂದು ಅಭಿಮಾನಿ ಸಂಘ ಹೆಸರು ಸಮೇತ ಕಳಿಸಿದ ಮತದ ಕಾಗದ ನೋಡಿ ಯಾವ ಕಾಲೇಜೂ ಇಂಥ ನಿರ್ಧಾರ ಮಾಡುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ ಇರಬಹುದು. ಆದರೆ ಹೊಸ ಕೂಟ ಸೇರುವ ಸಮಾರಂಭದಲ್ಲಿ ಕ್ರೀಡಾ ನಿರ್ದೇಶಕ ವೇದಿಕೆಯ ಮೇಲೆ ನಮ್ಮ ಕಾಗದವನ್ನೇ ಎತ್ತಿ ಹಿಡಿದು, "ನಮ್ಮ ಅತ್ಯಂತ ಹಳೆಯ ಅಭಿಮಾನಿಗಳೇ ಹೋಗೋಣ ಅಂದಿದ್ದಾರೆ," ಎಂದ. ಮರುದಿನ ಪತ್ರಿಕೆಯಲ್ಲಿ ಆ ಕಾಗದ ಅಚ್ಚಾಯಿತು, ಹೌದು ಅಂದವರ ಹೆಸರು ಒಂದು ಕಡೆ, ಬೇಡ ಅಂದವರದು ಇನ್ನೊಂದು ಕಡೆ. ಕೆಲ್ಸೊಗೂ ವಾಟ್ರಸ್‌ಗೂ ಬರುವುದು ಅದೇ ಒಂದು ಪತ್ರಿಕೆ.

ಆರ್ಲೋನಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರದ ಅಕ್ಷರ ಕಾಣುವುದಿಲ್ಲ. ಆರೈಕೆ ಮನೆಯಲ್ಲಿ ಅವನಿಗೆ ಪತ್ರಿಕೆ ಓದಿ ಹೇಳುತ್ತಿದ್ದವಳು ನಾನೇ.

"ನಮ್ಮ ವಿಷ್ಯ ಬಂದಿದೆಯಾ?"

"ಬಂದಿದೆ. ಒಂದು ಮತದಿಂದ ಹೌದು ಅಂತಾಯ್ತು."

"ಹೆಸರು ಹಾಕಿದಾರಾ?"

ಹೆಸರು ನನ್ನ ಹೆಬ್ಬೆರಳಿನ ಕೆಳಗೇ ಇತ್ತು. "ಇಲ್ಲ," ಎಂದು ಪುಟ ತಿರುಗಿಸಿ ಜೋಳದ ಧಾರಣೆ ಓದಿದೆ.

ಸಭೆಯಲ್ಲಿ ಆದದ್ದು ಸಿಟ್ಟಿನ ಕೈಗೆ ಬುದ್ಧಿ ಕೊಟ್ಟದ್ದು. ಇದು ಹಾಗಲ್ಲ, ತಣ್ಣಗೆ ತಿಳಿದೇ ಮಾಡಿದ್ದು.

"ಹೋಗ್ಲಿ ಬಿಡು," ಎಂದು ಆರ್ಲೋ ದಿಂಬಿಗೆ ಒರಗಿದ. "ನನ್ನ ಮಾತು ನಾನು ಹೇಳಿದ್ದಾಯ್ತಲ್ಲ."

ಬೇಸಿಗೆಯಲ್ಲಿ ಅವನು ಊರುಗೋಲು ಹಿಡಿದು ಮನೆಗೆ ಬಂದ. ಸೆಪ್ಟೆಂಬರಿನಲ್ಲಿ ಬೆಂಚಿಗೂ ಬಂದ. ಬರ್ನಡೀನ್ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಸಾಲಿನಲ್ಲಿ ಇನ್ನೂ ಕೆಲವರು ಹಾಗೇ. ಕೆದಕಬಾರದೆಂಬ ನಿಯಮ ಇತ್ತಲ್ಲ, ಯಾರೂ ಏನೂ ಕೇಳಲಿಲ್ಲ, ತಣ್ಣಗಾದರು ಅಷ್ಟೆ. "ಕಾಯಿಲೆ ಬಿದ್ದವರನ್ನ ಕಂಡ್ರೆ ಜನಕ್ಕೆ ಭಯ ಕಣೇ," ಎಂದು ಅವನೇ ಸಮಾಧಾನ ಮಾಡಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನು ಯಾರ ಹೆಸರು ಎತ್ತಿದರೂ ನನಗೆ ಬೆವರು ಬರುತ್ತಿತ್ತು.

"ಡೀನ್ ಫೋನೇ ತೆಗೀತಿಲ್ಲ," ಎಂದ ಅಕ್ಟೋಬರಿನಲ್ಲಿ. "ಕಿವಿ ಮಂದ ಆಗಿರ್ಬೇಕು. ಪಂದ್ಯಕ್ಕೆ ಬರ್ತಾನಲ್ಲ, ಆಗ ಕೇಳ್ತೀನಿ."

ಹೊಸ ಕೂಟದ ಆಟ ಮುಂದಿನ ವರ್ಷದಿಂದ. ಇಲಿಗೂ ಹುಲ್ಲಿಗೂ ಕಟ್ಟಕಡೆಯ ಪಂದ್ಯ ನಡೆದದ್ದು ನವೆಂಬರಿನ ಮೂರನೆಯ ಶನಿವಾರ, ನಮ್ಮ ಮೈದಾನದಲ್ಲಿ. ಆರ್ಲೋ ಬೆಳಗ್ಗೆ ಒಂಬತ್ತಕ್ಕೇ ಬಯಲಿಗೆ ಬಂದು ಚಿಲ್ಲಿ ಇಟ್ಟ. ಎರಡು ಮಡಚುವ ಕುರ್ಚಿ ಹಾಕಿದ. ಹತ್ತಾಯಿತು, ಹನ್ನೊಂದಾಯಿತು. ವಾಟ್ರಸ್‌ನವರ ಹಳದಿ ಟೋಪಿ ಹಾಕಿದ ಯಾರು ಹೋದರೂ ಕತ್ತು ಎತ್ತಿ ನೋಡುತ್ತಿದ್ದ. ಚಿಲ್ಲಿ ತಳ ಹಿಡಿಯಿತು, ನೀರು ಹಾಕಿದ, ಮತ್ತೆ ತಳ ಹಿಡಿಯಿತು.

"ದಾರೀಲಿ ಗಾಡಿ ಕೆಟ್ಟಿರ್ಬೇಕು," ಎಂದ.

ನಾನು ಸೌಟು ತಿರುಗಿಸುತ್ತಾ ನಿಂತಿದ್ದೆ. ಕಾರಣ ಗೊತ್ತಿದ್ದವಳು ನಾನೊಬ್ಬಳೇ.

ಒಳಗೆ ಹೋಗಿ ಕೂತೆವು. ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೆ ಆರ್ಲೋ ದುರ್ಬೀನು ಹಿಡಿದು ಆಚೆ ಬದಿಯ ಹಳದಿ ಸಾಲುಗಳನ್ನು ಹುಡುಕತೊಡಗಿದ. ದುರ್ಬೀನು ಒಂದೇ ಕಡೆ ನಿಂತಿತು.

"ಅಲ್ಲೇ ಕೂತಿದಾನಲ್ಲ," ಎಂದ, ಯಾರಿಗೂ ಅಲ್ಲದ ಹಾಗೆ. "ರೋಲಿನ ಡಬ್ಬಿ ತೊಡೆ ಮೇಲಿದೆ. ಬಂದಿದಾನೆ. ನನ್ನ ಹತ್ರ ಬಂದಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ನಾನೇನ್ ಮಾಡ್ದೆ ಹುಡುಗಿ?"

ಆ ಪ್ರಶ್ನೆ ಕೇಳಿದ ಮೇಲೂ ಸುಮ್ಮನೆ ಕೂರುವಷ್ಟು ಕೆಟ್ಟವಳಾಗಿರಲಿಲ್ಲ ನಾನು. ಅರ್ಧ ವಿರಾಮದಲ್ಲಿ ಮೈದಾನ ಸುತ್ತಿಕೊಂಡು ಆಚೆ ಬದಿಗೆ ಹೋದೆ. ಹಳದಿಯವರ ನಡುವೆ ನನ್ನೊಬ್ಬಳದೇ ಹಸಿರು ಕೋಟು. "ದಾರಿ ತಪ್ಪಿತಾ ಹುಲ್ಲಮ್ಮಾ?" ಎಂದು ಯಾರೋ ಕೂಗಿದರು. ಡೀನ್ ನನ್ನನ್ನು ನೋಡಿ ಡಬ್ಬಿಯ ಮುಚ್ಚಳ ಒತ್ತಿ ಹಿಡಿದುಕೊಂಡ.

"ಮಿಸ್ಟರ್ ಟುಫ್ಟ್, ಆರ್ಲೋ ನಿಮಗೆ ಕಾಯ್ತಿದಾನೆ."

ಅವನು ಅಂಗಿಯ ಜೇಬಿನಿಂದ ಮಡಚಿದ ಪತ್ರಿಕೆಯ ಚೂರು ತೆಗೆದ. ಮಡಿಕೆಯಲ್ಲಿ ಹರಿದು ಹೋಗುವಷ್ಟು ಸಲ ಬಿಡಿಸಿ ನೋಡಿದ್ದ. "ಐವತ್ತೊಂದು ವರ್ಷ," ಎಂದ. "ಹೋಗೋಣ ಅನ್ನಿಸಿದ್ರೆ ಹೋಗ್ಲಿ, ಅವನ ಕಾಲೇಜು, ಅವನಿಷ್ಟ. ನನ್ನ ಹತ್ರ ಒಂದ್ ಮಾತು ಹೇಳ್ಬಹುದಿತ್ತು. ಪೇಪರಲ್ಲಿ ಓದ್ಕೋಬೇಕಾಯ್ತು ನಾನು."

"ಅವನು ಬೇಡ ಅಂದಿದ್ದ. ನಾನು ತಿರುಚಿ ಹೇಳ್ದೆ."

ಡೀನ್ ಆ ಚೂರನ್ನು ಮತ್ತೆ ಮಡಚಿ ಜೇಬಿಗೆ ಹಾಕಿದ. "ಇದು ಅವನಿಗೆ ಗೊತ್ತಾ?"

"ಇಲ್ಲ."

"ಮತ್ತೆ ನನಗ್ಯಾಕಮ್ಮ ಮೊದ್ಲು ಹೇಳ್ತೀಯ?" ಡಬ್ಬಿ ಎತ್ತಿಕೊಂಡು ಎದ್ದ. "ನಡಿ."

ಮುದುಕನ ಹೆಜ್ಜೆಗೆ ಹೆಜ್ಜೆ ಹಾಕಿ ಹೋಗುವಷ್ಟರಲ್ಲಿ ಆಟ ಮತ್ತೆ ಶುರುವಾಗಿ ಗದ್ದಲ ಮುಗಿಲು ಮುಟ್ಟಿತ್ತು. ಡೀನ್‌ನನ್ನು ಕಂಡು ಆರ್ಲೋ ಅರ್ಧ ಎದ್ದ, ಸೊಂಟ ಕೇಳಲಿಲ್ಲ, ಕೂತ. ನಾನು ಅವನ ಮುಂದೆ ಬಗ್ಗಿ ಹೇಳಿದೆ. ಕೇಳಿಸಲಿಲ್ಲ, ಕಿವಿಗೆ ಕೈ ಇಟ್ಟ. ಇನ್ನೊಮ್ಮೆ ಕೂಗಿ ಹೇಳಿದೆ. ಅದೇ ಗಳಿಗೆಯಲ್ಲಿ ಮೈದಾನದಲ್ಲಿ ಒಬ್ಬ ಹುಡುಗ ಬಿದ್ದವನು ಏಳಲಿಲ್ಲ. ಆಟಗಾರ ಏಳದೆ ಬಿದ್ದರೆ, ಅವನು ಯಾವ ತಂಡದವನೇ ಆಗಲಿ, ಮೈದಾನವೆಲ್ಲ ಉಸಿರು ಬಿಗಿಹಿಡಿದು ಸುಮ್ಮನಾಗುತ್ತದೆ. ಆ ಮೌನದಲ್ಲಿ ನನ್ನ ಕೂಗು ಒಂದೇ ಉಳಿಯಿತು.

"ನೀನು ಬೇಡ ಅಂದಿದ್ದೆ, ನಾನು ಹೌದು ಅಂತ ಹೇಳಿಬಿಟ್ಟೆ ಆರ್ಲೋ!"

ಇಡೀ ಸಾಲು ತಿರುಗಿ ನೋಡಿತು. ಬರ್ನಡೀನ್ ಬಾಯಿಗೆ ಕೈ ಇಟ್ಟುಕೊಂಡಳು.

ಆರ್ಲೋ ನನ್ನನ್ನು ನೋಡಲಿಲ್ಲ, ಮೈದಾನ ನೋಡುತ್ತಿದ್ದ. ಬಿದ್ದ ಹುಡುಗ ಎದ್ದು ಕುಂಟುತ್ತಾ ಆಚೆ ಹೋಗುವವರೆಗೂ ನೋಡಿದ. ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಆಮೇಲೆ ಕೇಳಿದ, "ಪೇಪರಲ್ಲಿ ಹೆಸರು ಇರ್ಲಿಲ್ಲ ಅಂದ್ಯಲ್ಲ?"

"ಇತ್ತು."

"ಇತ್ತು," ಎಂದ. "ಸಿಟ್ಟಲ್ಲಿ ಏನೋ ಬಾಯಿಗೆ ಬಂತು ಅಂತ ಇಟ್ಕೋ. ಓದೋವಾಗ ಸಿಟ್ಟು ಇರ್ಲಿಲ್ಲ ಅಲ್ವಾ?"

ಡೀನ್ ನಮ್ಮಿಬ್ಬರ ನಡುವೆ ಇಲ್ಲದ ಜಾಗದಲ್ಲಿ ತುರುಕಿಕೊಂಡು ಕೂತು ಡಬ್ಬಿ ತೆಗೆದ. ರೋಲು ಆ ವರ್ಷವೂ ಇಟ್ಟಿಗೆಯೇ. ಆರ್ಲೋ ಫ್ಲಾಸ್ಕಿನಿಂದ ಚಿಲ್ಲಿ ಬಗ್ಗಿಸಿ ಅವನಿಗೆ ಕೊಟ್ಟ, ತಾನು ತೆಗೆದುಕೊಂಡ, ಮೂರನೆಯ ಲೋಟ ನನಗೂ ಕೊಟ್ಟ. ಬೈದಿದ್ದರೆ ಹಗುರವಾಗುತ್ತಿತ್ತು. ಆ ಪಂದ್ಯ ನಾವೇ ಗೆದ್ದೆವಂತೆ.

ಡಿಸೆಂಬರಿನಲ್ಲಿ ನನ್ನನ್ನು ಸಂಘದಿಂದ ತೆಗೆಯಬೇಕೋ ಬೇಡವೋ ಅಂತ ಸಭೆ ಕರೆದರು. ಸೀಟು ಸಂಘದ ಹೆಸರಲ್ಲಿದೆ. ಸಂಘದಿಂದ ಹೋದರೆ ಅಪ್ಪನ ಏಳನೆಯ ನಂಬರೂ ಹೋಗುತ್ತದೆ. ಯಾರ ವಿಷಯವೋ ಅವರು ಒಳಗೆ ಇರಬಾರದು, ಆದರೆ ಅವರಿಗೂ ಮತ ಇದೆ. ಇಲ್ಲದವರ ಮತ ಹೇಳಬೇಕಾದವರು ಪಕ್ಕದ ಸೀಟಿನವರು.

ಆರ್ಲೋ ಫೋನ್ ಮಾಡಿದ. ನವೆಂಬರಿನ ಪಂದ್ಯದ ಮೇಲೆ ಅದೇ ಮೊದಲು. "ನಿನ್ನ ಮತ ಏನು ಹೇಳ್ಲಿ?"

"ತೆಗೆದುಹಾಕಿ ಅಂತ ಹೇಳು."

"ಸರಿಯಾಗಿ ಯೋಚ್ನೆ ಮಾಡಿದೀಯಾ?"

"ಮಾಡಿದೀನಿ. ನನಗೆ ಆ ಬೆಂಚಿಗೆ ಬರೋ ಯೋಗ್ಯತೆ ಇಲ್ಲ."

"ಸರಿ," ಎಂದು ಫೋನಿಟ್ಟ.

ಆ ಮಾತು ಹೇಳಿದ್ದು ಪಶ್ಚಾತ್ತಾಪದಿಂದಲೇ. ಆದರೆ ಒಳಗೊಳಗೇ ನಾನು ಇನ್ನೇನನ್ನೋ ಕಾಯುತ್ತಿದ್ದೆ. ಅವನು ಕರುಣೆಯಿಂದ ನನ್ನ ಮಾತನ್ನು ತಿರುಗಿಸಿ "ಇರಲಿ" ಅಂತ ಹೇಳಿಬಿಡುತ್ತಾನೆ ಅಂತ ಆಸೆಪಟ್ಟಿದ್ದೆ. ನಾನು ಅವನಿಗೆ ಮಾಡಿದ್ದನ್ನೇ ಅವನು ನನಗಾಗಿ ಮಾಡಲಿ ಅಂತ. ಇದನ್ನು ಬರೆಯುವಾಗ ಮುಖ ಬಿಸಿಯಾಗುತ್ತದೆ.

ಸಂಜೆ ನಾಲ್ಕಕ್ಕೆ ಅವನೇ ಮನೆಗೆ ಬಂದ. ಮಂಜು ಕಟ್ಟಿದ ಮೆಟ್ಟಿಲು ಹತ್ತಲಾಗದೆ ಅಂಗಳದಲ್ಲೇ ಊರುಗೋಲು ಊರಿ ನಿಂತ. ನಾನು ಕೋಟೂ ಹಾಕಿಕೊಳ್ಳದೆ ಹೊರಗೆ ಓಡಿದೆ.

"ಹನ್ನೆರಡು ತೆಗೀರಿ, ಹನ್ನೊಂದು ಇರ್ಲಿ," ಎಂದ. "ನಾನು ಇರ್ಲಿ ಅಂದೆ. ಬರ್ನಡೀನೂ ಇರ್ಲಿ ಅಂದ್ಳು, ಗೊತ್ತಾ? ಕೊನೇಲಿ ನಿನ್ನ ಮತ ಕೇಳಿದ್ರು." ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿದ. "ನೀನು ಹೇಳಿದ್ದನ್ನೇ ಹೇಳ್ದೆ ಹುಡುಗಿ. ಹೇಳೋಕೆ ನನಗೆ ಎಷ್ಟು ಕಷ್ಟ ಆಯ್ತು ಅಂತ ನಿನಗೆ ಗೊತ್ತಾಗಲ್ಲ. ಆದ್ರೂ ಹೇಳ್ದೆ."

"ನೀನು ಸರಿಯಾಗೇ ಮಾಡ್ದೆ," ಎಂದೆ. ಅವನ ಕಾರು ತಿರುವು ದಾಟಿದ ಮೇಲೆ ಅಲ್ಲೇ ಅಂಗಳದಲ್ಲಿ ನಿಂತು ಅತ್ತೆ.

ಈ ಸೆಪ್ಟೆಂಬರಿನಲ್ಲಿ ಹೊಸ ಕೂಟದ ಮೊದಲ ಪಂದ್ಯ. ಮೈದಾನದ ತುಂಬ ಕ್ಯಾಮೆರಾ. ನಾನು ಟಿಕೆಟ್ ಕೊಂಡು ಆಚೆ ಬದಿಯ ಮೇಲಿನ ತುದಿಯಲ್ಲಿ, ಗುರುತಿಲ್ಲದ ಜನರ ನಡುವೆ ಕೂತೆ. ಖಾಲಿಯಾದ ಏಳನೆಯ ನಂಬರನ್ನು ಸಂಘ ಯಾರಿಗೆ ಕೊಟ್ಟಿತು ಅಂತ ನಾನು ಕೇಳಿರಲಿಲ್ಲ. ಅರ್ಧ ವಿರಾಮದಲ್ಲಿ ಲೈಲ್ ಫೋನ್ ಮಾಡಿದ.

"ಮಾರ್ಲಿಸ್! ಟಿವಿಯಲ್ಲಿ ನಿಮ್ಮ ಸಾಲು ತೋರಿಸಿದ್ರು ಕಣೇ, ಪೂರ್ತಿ ಸಾಲು! ನೀನೇ ಕಾಣ್ಲಿಲ್ವಲ್ಲ? ಏಳನೇ ನಂಬರಲ್ಲಿ ಯಾವನೋ ಹಳದಿ ಟೋಪಿ ಮುದುಕ ಕೂತು ಏನೋ ಅಗೀತಿದ್ದ. ನಿನ್ನ ಜಾಗ ಅಲ್ವಾ ಅದು?"

ನಾನು ದುರ್ಬೀನು ಎತ್ತಿ ನೋಡಿದೆ. ಆರ್ಲೋನ ಮೊಣಕೈ ಡೀನ್‌ನ ಪಕ್ಕೆಗೆ ತಾಗಿಕೊಂಡಿತ್ತು.

"ಅಲ್ಲ," ಎಂದೆ. "ಅದು ಅವರದೇ ಜಾಗ."